ಮಾಮಾ ಅವರ ಎಕ್ಸ್-ರೇಗೆ ನನ್ನ ವಕಾಲತ್ತು

ಲಂಚ ಕೊಡಲಿಲ್ಲವೆಂದು ನಮ್ಮ ಮಾಮಾ ಅವರ ದವಾಖಾನೆಯ ಎಕ್ಸ್-ರೇ ಯಂತ್ರಕ್ಕೆ ಬೀಗ ಬಿತ್ತು ಎಂದು ಮಾನ್ವಿಯಲ್ಲಿ ಈಗಲೂ ಹೇಳುತ್ತಾರೆ. ಶುದ್ಧ ಸುಳ್ಳು. ಬೀಗ ಹಾಕಿಸಿದ್ದು ನನ್ನ ವಾಗ್ಮಿತೆ!

ಎಂಬತ್ತರ ದಶಕದ ಕೊನೆ. ರಾಯಚೂರಿನ ಕಾಲೇಜಿಗೆ ಚರ್ಚಾಸ್ಪರ್ಧೆಯ ಕಪ್ಪು ತಂದುಕೊಟ್ಟ ಮಹಾಪುರುಷ ನಾನು. ಅಣುಸ್ಥಾವರಗಳಿಗೆ ಪರವಾನಗಿ ಕೊಡುವ ಮುಂಬಯಿ ಕಚೇರಿಯೇ ಮಾಮಾ ಆಗಲೇ ಓಡಿಸುತ್ತಿದ್ದ ಯಂತ್ರಕ್ಕೂ ಒಪ್ಪಿಗೆ ಕೊಡಬೇಕಿತ್ತು. ಸಿಗದಿದ್ದರೆ ಕೈಕಾಲು ಮುರಿದವರೆಲ್ಲ ಮತ್ತೆ ರಾಯಚೂರಿನ ಬಸ್ಸು ಹತ್ತಬೇಕು.

ತಪಾಸಣೆಗೆ ಬಂದವರು ಹುಬ್ಬಳ್ಳಿ ಕಡೆಯ ಸಾಧು ಮನುಷ್ಯ. ಬಾಗಿಲಲ್ಲೇ ಇಣುಕಿ, "ಎಲ್ಲಾ ಬರೋಬ್ಬರಿ ಅದ" ಎಂದು ಪೆನ್ನು ತೆಗೆದರು. ಸುಮ್ಮನಿರು ಎಂದು ಮಾಮಾ ನನಗೆ ಕಣ್ಸನ್ನೆ ಮಾಡಿದರು. ಆದರೆ ಎದುರಾಳಿ ಇಷ್ಟು ಸಲೀಸಾಗಿ ಸಿಕ್ಕಾಗ ಸುಮ್ಮನಿರುವುದು ಹೇಗೆ?

"ಸಾಹೇಬ್ರ, ಅಣುಸ್ಥಾವರ ಕಟ್ಟೋದು ಸರ್ಕಾರ, ಪರವಾನಗಿ ಕೊಡೋದೂ ಸರ್ಕಾರ. ತನ್ನ ಪೇಪರ್ ತಾನ ತಿದ್ದಿ ಪಾಸಾದಂಗ. ಹಿಂಗ ಬಾಗಲ್ದಾಗ ನಿಂತು ಸಹಿ ಹಾಕೋದಕ್ಕ ತಪಾಸಣಿ ಅಂತಾರೇನ್ರಿ?"

"ಲೇ, ಚಾ ತರಿಸು ಹೋಗು" ಎಂದರು ಮಾಮಾ.

"ತಡೀರಿ ಡಾಕ್ಟ್ರ." ಸಾಹೇಬರು ಪೆನ್ನು ಮುಚ್ಚಿದರು. "ಹುಡುಗ ಖರೇ ಹೇಳ್ತಾನ. ಹಿಂದಿನ ಗ್ವಾಡಿ ನೋಡೋಣ ಬರ್ರಿ."

ಹಿಂದಿನ ಓಣಿಯಲ್ಲಿ ಪಕ್ಕದ ನೀರಮಾನ್ವಿಯ ಮುದುಕಿಯರು ಎಕ್ಸ್-ರೇ ಕೋಣೆಯ ತೆಳು ಗೋಡೆಗೆ ಮೊಣಕಾಲು ಒತ್ತಿಕೊಂಡು ಸಾಲಾಗಿ ಕುಳಿತಿದ್ದರು.

"ಇಲ್ಲೇನ್ ಮಾಡಾಕತ್ತೀರಿ ಯವ್ವಾ?" ಎಂದರು ಸಾಹೇಬರು.

"ಮಣಕಾಲು ಕಾಸಾಕತ್ತೀವಿ ಯಪ್ಪಾ" ಎಂದಳು ಎಲ್ಲರಿಗಿಂತ ಹಿರಿಯಳು. "ಒಳಗ ಮಷಿನ್ ಗುಂಯ್ ಅಂದ್ರ ಗ್ವಾಡಿ ಹಾಯ್ದು ಬೆಳಕು ಬರ್ತದ. ಫುಕ್ಕಟ್ ಅದ. ನೀವೂ ಕುಂದರ್ರಿ."

"ಹಂಗಂತ ಯಾರು ಹೇಳಿದ್ರು?"

"ಇಂವನ" ಎಂದು ಆಕೆ ನನ್ನತ್ತ ಗದ್ದ ಎತ್ತಿದಳು. "ಗುಡಿ ಕಟ್ಟಿ ಮ್ಯಾಲ ಅಣು ಬ್ಯಾಡ ಅಂತ ಭಾಷಣ ಮಾಡಿದ್ನಲ್ಲ. ಎಂಥಾ ಗ್ವಾಡಿ ಇದ್ರೂ ಹಾಯ್ತದಂತ. ಕೆಟ್ಟದ್ದು ಅಂತನೂ ಅಂದ ಖರೇ. ಆದ್ರ ಔಷಧ ಯಾವ್ದು ಕಹಿ ಇರಲ್ಲ?"

ಸಾಹೇಬರು ನಗಲಿಲ್ಲ. ದಪ್ಪ ಗೋಡೆ ಕಟ್ಟುವವರೆಗೆ ಯಂತ್ರ ಮುಟ್ಟಕೂಡದು ಎಂದು ಬರೆದು, ನನ್ನ ಕೈ ಕುಲುಕಿದರು. "ನಿಮ್ಮಂಥವ್ರು ಊರಿಗೊಬ್ಬರು ಬೇಕ್ರಿ."

"ಒಬ್ಬನ ಸಾಕು" ಎಂದರು ಮಾಮಾ.

ಜೀಪು ಹೋಯಿತು. ಮುದುಕಿಯರೂ ನನ್ನನ್ನು ಶಪಿಸುತ್ತ ಎದ್ದು ಹೋದರು. ಪೋತ್ನಾಳದಿಂದ ಮುಂಗೈ ಮುರಿದುಕೊಂಡು ಬಂದವನೊಬ್ಬನನ್ನು ಮಾಮಾ ರಾಯಚೂರಿನ ಬಸ್ಸಿಗೆ ಹತ್ತಿಸುತ್ತಿದ್ದರು. ನಾನು ಹಿಂದಿನಿಂದ ಮೆಲ್ಲಗೆ ಕೇಳಿದೆ:

"ಆದ್ರೂ ಮಾಮಾ, ವಾದ ಗೆದ್ದಾಂವ ನಾನ ಅಲ್ಲೇನ್ರಿ?"