ಕುರಿ ಬೆನ್ನಿನ ಮೇಲೆ ನಾನು

ನಮ್ಮ ಯಜಮಾನರಿಗೆ ದೇಶವಿದೇಶದ ಕಲಾವಿದರೆಲ್ಲ ಬೀಗರು! ನಂಬುವುದಿಲ್ಲವೇ? ಜಗಳೂರಿನ ಸಂತೆಯಲ್ಲಿ ಇವರ ಗುರುತು ಹಿಡಿಯುವವರು ನಾಲ್ಕೇ ಮಂದಿ. ಸಮುದ್ರದಾಚೆಯ ಶಿಲ್ಪಿಗಳ ಊಟ-ತಿಂಡಿ ವಿಚಾರಿಸುವವರು ಮಾತ್ರ ಇವರೇ. ಈ ಸಂಗತಿ ಹೇಳದಿದ್ದರೆ ನನ್ನ ಹೊಟ್ಟೆ ಒಡೆದುಹೋದೀತು, ಕೇಳಿ.

ಶಾಲೆಯಲ್ಲಿ ನಮ್ಮ ಮೊಮ್ಮಗಳು ಬರೆದ ಕುದುರೆಯನ್ನು ಕತ್ತೆ ಎಂದು ಎಲ್ಲರೂ ನಕ್ಕರಂತೆ. ಅಂದೇ ಬಣ್ಣದ ಡಬ್ಬಿಯನ್ನು ಜೋಳದ ಚೀಲದ ಹಿಂದೆ ತಳ್ಳಿದಳು. ಗೋಡೆ, ನೆಲ, ನನ್ನ ಅಂಗೈ, ಏನು ಸಿಕ್ಕರೂ ಚಿತ್ರ ಬರೆಯುತ್ತಿದ್ದ ಹುಡುಗಿ! ಮನೆ ಬಿಕೋ ಎಂದಿತು.

"ಅವಳ ಕೈಗೆ ಮತ್ತೆ ಬಣ್ಣ ಹತ್ತಿಸ್ದಿದ್ರೆ ಈ ಮೀಸೆ ಬೋಳಿಸ್ಕಂತೀನಿ" ಎಂದು ಇವರು ಮೊಬೈಲು ಹಿಡಿದರು.

ಗುಜರಿ ಕಬ್ಬಿಣದಲ್ಲಿ ಆನೆ ಮಾಡುವವನು, ಪೆನ್ಸಿಲ್ ತುದಿಯಲ್ಲಿ ಹಕ್ಕಿ ಕೆತ್ತುವವಳು, ಎಲ್ಲಿದ್ದರೋ ಇಷ್ಟು ದಿನ, ಎಲ್ಲರೂ ಆ ಮೊಬೈಲಿನಲ್ಲಿ ಬಂದರು! ಚಪ್ಪಲಿ ಬಿಟ್ಟು, ಕೈಮುಗಿದು ನೋಡುವುದೇನು, ಮೊಮ್ಮಗಳನ್ನು ಕೂಗುವುದೇನು! ಅವಳು ಇಣುಕಿ, "ಅವ್ರಿಗೆ ಬರ್ತೈತೆ ಬಿಡಜ್ಜ" ಎಂದು ಎದ್ದು ಹೋಗುವಳು.

ಇವರು ಬಿಡಬೇಕಲ್ಲ! ಮೊಬೈಲಿಗೆ ಬಾಯಿಟ್ಟು ಆನೆಯವನಿಗೆ ಬರೆಸಿದರು: "ನಮಸ್ಕಾರ ರೀ. ಆನೆಗೆ ಜೀವ ಬಂದಂಗೈತೆ. ಸೊಂಡ್ಲು ಒಂಚೂರು ಗಿಡ್ಡ. ಊಟ ಆತಾ? ಈ ಕಡೆ ಬಂದ್ರೆ ರೊಟ್ಟಿ ತಿನ್ನಾಕೆ ಬರ್ರಿ."

ಅವನು ಒಂದು ಕೆಂಪು ಹೃದಯ ಕಳಿಸಿದ.

"ಬರ್ತಾನಂತೆ ಕಣೇ, ಹಿಟ್ಟು ಹಾಕ್ಸು!"

ಹಾಕಿಸಿದೆ, ಅದು ಬೇರೆ ಮಾತು.

ಯಾರೋ ಹುಲ್ಲಿನಲ್ಲಿ ಕುದುರೆ ಕಟ್ಟಿದ್ದು ಕಂಡರು. ಮರುದಿನ ನಮ್ಮ ಹಿತ್ತಿಲಲ್ಲೂ ಮೆಕ್ಕೆಜೋಳದ ಸಪ್ಪೆದಂಟಿನ ಕುದುರೆ ಎದ್ದಿತು. ಸಂಜೆ ಕುರಿಗಳು ಬಂದವು. ಬಾಲವೂ ಉಳಿಯಲಿಲ್ಲ.

"ನೋಡು, ಹೆಂಗೆ ಮೆಚ್ಕಂಡವು!" ಎಂದರು.

ಮುಂದಿನ ಸರದಿ ಆ ಕುರಿಗಳದ್ದೇ. ಹಿಂಡು ಬೆರೆತರೆ ಗೊತ್ತಾಗಲೆಂದು ನಮ್ಮಲ್ಲಿ ಮನೆಗೊಂದು ಗುರುತನ್ನು ಕುರಿ ಬೆನ್ನಿಗೆ ಬಳಿಯುತ್ತಾರೆ. ನಮ್ಮದು ಕೆಂಪು ಗೆರೆ, ಪಕ್ಕದ ಮನೆಯವನದು ಕೆಂಪು ದುಂಡು. ಇವರು ಗೆರೆ ಬಿಟ್ಟು ನನ್ನ ಮುಖ ಬರೆದರು! ಇಪ್ಪತ್ತು ಕುರಿ, ಇಪ್ಪತ್ತು ನಾನು!

ಅಂದೇ ಸಂಜೆ ಹಿಂಡುಗಳು ಬೆರೆತವು. ಪಕ್ಕದ ಮನೆಯವನು ಅಂಗಳಕ್ಕೆ ಬಂದ.

"ಮಾವಾ, ದುಂಡು ಗುರುತು ನಮ್ದು. ಎಲ್ಲಾ ನಮ್ಮ ಕುರಿ."

"ದುಂಡು ಅಲ್ಲಲೇ, ನಿಮ್ಮತ್ತೆ ಮುಖ!"

"ಮುಖನಾ? ಬದ್ನೆಕಾಯಿ ಅಂದ್ಕಂಡೆ. ಅತ್ತೆಗೆ ಎರಡು ಮೂಗಾ?"

"ಒಂದು ಮೂಗು, ಒಂದು ಮೂಗುತಿ!" ಎಂದು ಇವರು ಬಣ್ಣದ ಬ್ರಷ್ಷು ತಂದು ತೋರಿಸಿದರು.

ಊರೇ ಸೇರಿತು. ನನ್ನನ್ನು ಕುರಿಯ ಪಕ್ಕ ನಿಲ್ಲಿಸಿ ಹೋಲಿಸಿ ನೋಡಿದರು. ಯಾವ ಹೆಂಗಸಿಗುಂಟು ಈ ಭಾಗ್ಯ?

ಆಗ ಮೊಮ್ಮಗಳು ಗುಂಪಿನೊಳಗಿಂದ ನುಗ್ಗಿ ಬಂದಳು. "ಅಯ್ಯೋ ಅಜ್ಜಾ, ಅಜ್ಜಿ ಹಿಂಗಿಲ್ಲ! ಕೊಡಿಲ್ಲಿ!" ಎಂದು ಇವರ ಕೈಯ ಬ್ರಷ್ಷು ಕಿತ್ತುಕೊಂಡಳು. ಮೂಗು ತಿದ್ದಿದಳು, ಕಣ್ಣು ಇಟ್ಟಳು. ಒಂದಾಯಿತು, ಎರಡಾಯಿತು... ನಾಲ್ಕನೆಯ ಕುರಿಯ ಮೇಲೆ ನಾನು ನಗುತ್ತಿದ್ದೆ!

"ಅತ್ತೆನೇ ಬಿಡಿ ಮಾವಾ, ನಿಮ್ಮವೇ" ಎಂದು ಪಕ್ಕದ ಮನೆಯವನು ಸೋತ.

ಒಳಗೆ ಬಂದು ಇವರನ್ನು ತಡೆದು ಕೇಳಿದೆ: "ಮದ್ವೆ ವರ್ಷ ಈ ಬಾಗ್ಲ ಮ್ಯಾಲೆ ಗಿಳಿ ಬರ್ದಿದ್ರಿ. ಇವತ್ತಿಗೂ ಬೆಕ್ಕು ಅದಕ್ಕೆ ಹೊಂಚು ಹಾಕ್ತೈತೆ. ಅಂಥಾ ಕೈಗೆ ನಾನು ಬದ್ನೆಕಾಯಿ ಆಗ್ಬಿಟ್ನಾ?"

ಬೆರಳಿಗೆ ಹತ್ತಿದ ಕೆಂಪು ತೊಳೆಯುತ್ತಾ ಮೆಲ್ಲಗೆ ಅಂದರು: "ಚೆಂದ ಬರ್ದಿದ್ರೆ ಅವಳು ಬ್ರಷ್ಷು ಕಿತ್ಕಂತಿದ್ಲೇನೇ?"

ಅಂಗಳದಲ್ಲಿ ಮೊಮ್ಮಗಳು ಕುರಿಯೊಂದನ್ನು ಗದರಿಸುತ್ತಿದ್ದಳು:

"ಅಲ್ಲಾಡಬ್ಯಾಡ, ಅಜ್ಜನ ಮೀಸೆ ಸೊಟ್ಟ ಆಗ್ತೈತೆ!"