ಡೀಸೆಲ್ ಮಡಿ

ನಮ್ಮ ಷಡ್ಡಕರು ಮನುಷ್ಯರ ಮಾತನ್ನು ನಂಬುವವರಲ್ಲ. ಯಾರು ಎಷ್ಟು ಹೊಗೆ ಬಿಡುತ್ತಾರೆ ಎಂಬುದನ್ನಷ್ಟೇ ನಂಬುತ್ತಾರೆ! ಜರ್ಮನಿಯ ಬೊಬ್ಲಿಂಗೆನ್ನಿನಲ್ಲಿ ಅವರ ಉದ್ಯೋಗವೇ ಕಾರುಗಳ ಹೊಗೆ ಅಳೆಯುವುದು. ಮೈಸೂರಿನವರು, ಆಫೀಸಿನ ಕೆಲಸವನ್ನು ಮನೆಗೂ ತರುವ ಚಾಳಿ.

ಅವರ ಗೃಹಪ್ರವೇಶಕ್ಕೆ ಬಂದ ಪುರೋಹಿತರು ವಾರವಿಡೀ ಸಾಫ್ಟ್‌ವೇರ್ ಬರೆದು ಶನಿವಾರ ಮಂತ್ರ ಹೇಳುವವರು. ಅವರು ಧೂಪ ಹಾಕಿದ್ದೇ ತಡ, ಇವರು ಗಣಪತಿಯ ಪಕ್ಕ ಮೀಟರ್ ಇಟ್ಟು, ಜನವರಿಯ ಚಳಿಯಲ್ಲಿ ಕಿಟಕಿಗಳನ್ನೆಲ್ಲ ತೆರೆದರು.

"ದೇವರಿಗೂ ಯೂರೋ ಸಿಕ್ಸ್ ಹೊಗೆ ಸರ್ಟಿಫಿಕೇಟ್ ಬೇಕಾ ಸಾರ್?" ಎಂದರು ಪುರೋಹಿತರು.

"ಬೇಕು. ಎಲ್ಲರಿಗಿಂತ ಉದ್ದದ ಮೂಗು ಅವನದೇ."

ಇಂಥವರ ಸ್ವಂತ ಕಾರು ಯಾವುದು ಅಂತೀರಿ? ಹಳೆಯ ಡೀಸೆಲ್! ಅಂಥ ಕಾರುಗಳಿಗೆ ಪಕ್ಕದ ಸ್ಟಟ್‌ಗಾರ್ಟ್ ನಗರದೊಳಗೆ ಪ್ರವೇಶವಿಲ್ಲವೆಂದಾಯಿತು. ನಾವೆಲ್ಲ ಕಳ್ಳದಾರಿ ಹುಡುಕುತ್ತಿದ್ದರೆ ಇವರು, ದೇವರಮನೆಗೆ ಹೋಗುವವರು ಮೈಲಿಗೆ ಬಟ್ಟೆಯನ್ನು ಹೊರಗೇ ಬಿಟ್ಟಂತೆ, ನಿಷೇಧದ ಫಲಕದ ಈಚೆಗೇ ಕಾರು ನಿಲ್ಲಿಸಿ ರೈಲು ಹತ್ತುತ್ತಿದ್ದರು. ಗೆಳೆಯರು ಅದಕ್ಕೆ ಡೀಸೆಲ್ ಮಡಿ ಎಂದು ಹೆಸರಿಟ್ಟರು.

ಅವರ ಹೆಂಡತಿ, ಅಂದರೆ ನನ್ನ ಹೆಂಡತಿಯ ಅಕ್ಕ, ಶ್ವಾಸಕೋಶದ ಕಾಯಿಲೆಯಿಂದ ಆ ನಗರದ ಆಸ್ಪತ್ರೆ ಸೇರಿದಾಗಲೂ ಮಡಿ ಸಡಿಲಲಿಲ್ಲ. ರೋಗಿಗಳಿದ್ದರೆ ವಿನಾಯಿತಿ ಕೊಡುತ್ತಾರೆ, ಒಂದು ಅರ್ಜಿ ಹಾಕಿ ಎಂದು ಎಷ್ಟೋ ಹೇಳಿದೆ. ಕೇಳಲಿಲ್ಲ. ದಿನವೂ ಸಾರನ್ನದ ಡಬ್ಬಿ ಹಿಡಿದು ರೈಲು, ಬಸ್ಸು ಬದಲಿಸಿ ಹೋಗುತ್ತಿದ್ದರು. ಕೊನೆಗೆ ರೇಗಿ, ನಿಯಮ ದೊಡ್ಡದೋ ಹೆಂಡತಿ ದೊಡ್ಡವಳೋ ಎಂದುಬಿಟ್ಟೆ.

"ಅವಳ ವಾರ್ಡಿನ ಕಿಟಕಿ ರೋಡ್ ಕಡೆಗಿದೆ ಕಣಯ್ಯಾ."



ಫೆಬ್ರವರಿಯಲ್ಲಿ ವೈದ್ಯರು, ಇನ್ನು ಮಾಡುವುದೇನೂ ಉಳಿದಿಲ್ಲ, ಮನೆಗೆ ಕರೆದೊಯ್ಯಿರಿ ಎಂದರು. ಆಂಬುಲೆನ್ಸ್ ಬೇಡ, ನಮ್ಮ ಕಾರಿನಲ್ಲೇ ಹೋಗೋಣ ಎಂದು ಅಕ್ಕ ಹಟ ಹಿಡಿದರು. ಷಡ್ಡಕರು ಅಂದೇ ಅರ್ಜಿ ತುಂಬಿದರು. 'ಕಾರಣ' ಎಂಬಲ್ಲಿ ಜರ್ಮನ್ ಭಾಷೆಯಲ್ಲಿ ಒಂದೇ ಸಾಲು ಬರೆದಿದ್ದರು: ಹೆಂಡತಿ ಕೇಳಿದ್ದಾಳೆ.

ಒಂದು ದಿನದ ಅನುಮತಿ ಬಂತು.

ನಾನೂ ಜೊತೆಗಿದ್ದೆ. ಅಕ್ಕ ಆಸ್ಪತ್ರೆಯ ಬಾಗಿಲಲ್ಲಿ ಗಾಲಿಕುರ್ಚಿಯಲ್ಲಿ ಕಾಯುತ್ತಿದ್ದರು. ಷಡ್ಡಕರು ಗೇಟಿನ ಬಳಿಯೇ ಎಂಜಿನ್ ಆರಿಸಿ ಇಳಿದರು. ತೆರೆದ ಬಾಗಿಲಿನಿಂದ ಒಂದು ಕೈ ಸ್ಟೀರಿಂಗ್ ಮೇಲಿಟ್ಟು, ಭುಜ ಕೊಟ್ಟು, ಕಾರನ್ನು ಅಕ್ಕನತ್ತ ತಳ್ಳತೊಡಗಿದರು.

"ಏನ್ರೀ, ಕೆಟ್ಟೋಯ್ತಾ?" ಅಕ್ಕನ ದನಿ ಕ್ಷೀಣವಾಗಿತ್ತು.

"ಇಲ್ಲ ಕಣೇ, ಚೆನ್ನಾಗೇ ಇದೆ," ಎಂದರು, ಏದುಸಿರು ಬಿಡುತ್ತ. "ನೀನು ಉಸಿರಾಡ್ಕೋ."

ನಾನು ಇಳಿದು ಹಿಂದಿನಿಂದ ಕೈ ಕೊಟ್ಟೆ.