ಟಾವೆಲ್ಲಿನ ಕೆಳಗಿನ ಡೇಟಾಬೇಸ್

ಸುಮ್ನ ಕಟ್ಟಿ ಮ್ಯಾಲೆ ಕುಂತ್ರೂ ಫಜೀತಿ ನನ್ನ ಮನಿ ಕೇಳ್ಕೊಂತ ಬರ್ತೈತಿ. ನಾ ದುಂಡಸಿ ಕಡಿ ಎತ್ತಿನ ದಲಾಲ. ಸಾಲಿ ಹೊಸ್ತಿಲ ತುಳದಾಂವಲ್ಲ. ಇದನ್ನ ಹೇಳಾಂವ ನಾನು, ಬರಿಯಾಕಿ ಮೊಮ್ಮಗಳು. ಆದ್ರ ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು, ಈ ನಾಕೂ ತಾಲೂಕಿನ್ಯಾಗ ಯಾವ ಎತ್ತು ಸೀನಿದ್ರೂ ಕಣ್ಣ ಮುಚ್ಚಿ ಅದರ ಮಾಲಕನ ಹೆಸರ ಹೇಳ್ತೇನಿ.

೧. ಎಲ್ಲಾ ಬಸವಗೋಳು

ಮೊಮ್ಮಗಳು ಶಿಗ್ಗಾಂವದಾಗ ಕಂಪ್ಯೂಟರ್ ಕಲಿಯಾಕತ್ತಾಳ. ಒಂದಿನ ಲ್ಯಾಪ್‌ಟಾಪ್ ತಂದು ಬಾಜೂಕ ಕುಂತ್ಲು.

"ಅಜ್ಜಾ, ಎಸ್‌ಕ್ಯೂಎಲ್ ಒಳಗ ನನ್ನ ಮೊದಲನೇ ಡೇಟಾಬೇಸ್ ಮಾಡ್ಬೇಕು. ಹೋದ ಸಲ ಪರೀಕ್ಷಾದಾಗ ಫೇಲಾಗೇನಿ. ಈ ಸಲಾನೂ ಹೋತಂದ್ರ ಅಪ್ಪ ಕಾಲೇಜ್ ಬಿಡಸ್ತಾನ. ನಿನ್ನ ಎತ್ತಿನ ಲಿಸ್ಟ್ ಕೊಡು."

"ಬರ್ಕೋ. ಹೆಸರು, ಬಣ್ಣ, ಕೋಡು, ಊರು, ಮಾಲಕ, ದೋಷ."

ಒಂದೊಂದಕ್ಕ ಒಂದೊಂದ ಕಾಲಮ್ ಮಾಡಿ ಮೊದಲನೇ ಎತ್ತಿನ ಹೆಸರ ಕೇಳಿದ್ಲು. ಬಸವ ಅಂದೆ. ಎರಡನೇದ್ದು? ಬಸವ. ಮೂರನೇದ್ದು? ಅದೂ ಬಸವ.

"ಹಿಂಗಾದ್ರ ಯಂತ್ರಕ್ಕ ಗುರ್ತ ಹತ್ತಂಗಿಲ್ಲ. ಒಂದೊಂದಕ್ಕ ಬ್ಯಾರೆ ಬ್ಯಾರೆ ನಂಬರ ಬೇಕು. ಅದಕ್ಕ ಪ್ರೈಮರಿ ಕೀ ಅಂತಾರ."

"ನಂಬರ ಯಾಕ? ಮೈಮ್ಯಾಲಿನ ಸುಳಿ ನೋಡಿದ್ರ ನಾ ಗುರ್ತ ಹಿಡೀತೇನಿ!"

"ಪರೀಕ್ಷಾಕ ನಿನ್ನ ಬ್ಯಾಗಿನ್ಯಾಗ ಹಾಕ್ಕೊಂಡ ಹೋಗಾಕ ಬರ್ತೈತೇನಜ್ಜಾ?"

೨. ದೋಷದ ಕಾಲಮ್

ಇನ್ನೂರು ಎತ್ತು ಒಂದ ಉಸುರಿಗೆ ಹೇಳಿದೆ. ದೋಷದ ಕಾಲಮ್ ಅಷ್ಟ ಖಾಲಿ ಉಳೀತು. ಏನೂ ಬರೀದಿದ್ರ ಅದಕ್ಕ 'ನಲ್' ಅಂತಾರಂತ. ದೋಷ ನಲ್ ಇದ್ದ ಎತ್ತು ತೋರಸು ಅಂತ ಸೆಲೆಕ್ಟ್ ಹೊಡದ್ಲು. ಇನ್ನೂರೂ ಸಾಲಾಗಿ ಬಂದ್ವು.

"ನಾಕ ತಾಲೂಕಿನ್ಯಾಗ ಒಂದೂ ಒದಿಯೋ ಎತ್ತಿಲ್ಲಾ? ಮಾಸ್ತರ ನಂಬತಾರೇನು?"

"ದಲಾಲ ಎತ್ತಿನ ದೋಷ ಬಾಯಿಬಿಟ್ಟ ಹೇಳಂಗಿಲ್ಲವಾ."

ಹುಡುಗಿ ಕಣ್ಣಾಗ ನೀರ ತಂದ್ಲು. ಸಂತ್ಯಾಗ ನಾವು ದಲಾಲರು ಬಾಜೂದಾಂವಗ ತಿಳೀಬಾರದಂತ ಟಾವೆಲ್ಲಿನ ಕೆಳಗ ಬೆರಳ ಹಿಡದ ರೇಟ ಮಾತಾಡ್ತೇವಿ. ಹಂಗ ಲ್ಯಾಪ್‌ಟಾಪಿನ ಮ್ಯಾಲೆ ಟಾವೆಲ್ಲ ಹೊಚ್ಚಿ ಆಕಿ ಬೆರಳ ಹಿಡದೆ. ತೋರಬೆರಳ ಹಿಡದ್ರ ಒದೀತೈತಿ, ನಡುಬೆರಳ ಹಿಡದ್ರ ಮಲಗತೈತಿ, ಕಿರುಬೆರಳ ಹಿಡದ್ರ ಕೋಡಲೆ ಹಾಯತೈತಿ. ಆಕಿ ಇನ್ನೊಂದ ಕೈಲೆ ಟೈಪ್ ಮಾಡಿದ್ಲು.

ಬಾಜೂ ಮನಿ ಮುದುಕಿ ಹಣಕಿ ನೋಡಿ ಕೇಳಿದ್ಲು: "ಲ್ಯಾಪ್‌ಟಾಪಿಗೆ ಥಂಡಿ ಹತ್ತೇತೇನ್ರಿ?"

೩. ಮುರದ ಕೋಡು

ಹಿರೇಕೆರೂರಿನ ಒಂದ ಎತ್ತಿನ ಕೋಡ ಮುರದಿತ್ತು. ಬದಲ ಮಾಡು ಅಂದೆ. ಮೊಮ್ಮಗಳು ಅಪ್‌ಡೇಟ್ ಬರದು, ಕೋಡು 'ಮುರದೈತಿ' ಅಂತ ಹಾಕಿದ್ಲು. ಯಾವ ಎತ್ತಿಂದು ಅಂತ ಹೇಳೋ 'ವ್ಹೇರ್' ಮಾತ್ರ ಮರತ್ಲು. ಒಂದ ಗುಂಡಿ ಒತ್ತಿದ್ದಕ್ಕ ಇನ್ನೂರೂ ಎತ್ತಿನ ಕೋಡ ಲಟಕ್ಕಂತ ಮುರದ್ವು!

ನಾ ದನದ ಮನಿಗೆ ಓಡಿ ನಮ್ಮ ಎತ್ತಿನ ಕೋಡ ಮುಟ್ಟಿ ನೋಡಿದೆ. ಇದ್ವು. ತಿರುಗಿ ಬಂದು ಇನ್ನೂರೂ ಕೋಡ ಮತ್ತ ಹೇಳಿದೆ, ಈ ಸಲ ಹಿಂದಿಂದ ಮುಂದಕ್ಕ.

"ನೋಡವಾ, ನನ್ನ ಜ್ಞಾಪಕಶಕ್ತಿ ನೋಡಿ ಯಂತ್ರಾನ ಬೆವತೈತಿ!"

"ಅದು ಬೆವರಲ್ಲಜ್ಜಾ, ನೀ ಚಹಾ ಚೆಲ್ಲೀದಿ."

೪. ಹತ್ತಿಮತ್ತೂರಿನ ಬಸವ

ಪರೀಕ್ಷಾ ದಿನ ನಾನೂ ಹೋಗಿ ಬಾಗಲದಾಗ ನಿಂತೆ. ಪರೀಕ್ಷಾ ತಗೊಳ್ಳಾಕ ಹೊರಗಿಂದ ಬಂದ ಮಾಸ್ತರ, "ಹತ್ತಿಮತ್ತೂರಿನ ಎತ್ತು ಅಷ್ಟ ತೋರಸವಾ" ಅಂದ್ರು. ಮೊಮ್ಮಗಳು ಊರಿನ ಹೆಸರ ಹಾಕಿ ವ್ಹೇರ್ ಬರದ್ಲು. ಒಂದ ಎತ್ತು ಬಂತು. ಮಾಸ್ತರ ಓದಿದ್ರು.

"ಬಸವ. ಬಿಳಿ. ಬಲಗೋಡು ಸೊಟ್ಟ. ಮಾಲಕ... ಅರೆ, ಇದು ನಮ್ಮಪ್ಪನ ಹೆಸರು! ದೋಷ: ನೇಗಿಲಕ್ಕ ಹೂಡಿದ್ರ ಮಲಗತೈತಿ."

'ಇದು ಮಲಗೂದ ಹೆಂಗಂತ ಮರತ ಎತ್ರಿ' ಅಂತ ಅವರಪ್ಪಗ ಕೊಡಿಸಿದಾಂವ ನಾನ.

"ಇದು ಖರೇನವಾ?" ಅಂದ್ರು. ಮೊಮ್ಮಗಳು ನನ್ನ ಕಡಿ ನೋಡಿದ್ಲು. ಸುಳ್ಳಂದ್ರ ಆಕಿ ಫೇಲು, ಖರೇ ಅಂದ್ರ ನನ್ನ ದಲಾಲಿ ಮುಗೀತು. ಹುಟ್ಟಿದ ಮ್ಯಾಲೆ ಮೊದಲನೇ ಸಲ, ಟಾವೆಲ್ಲ ಇಲ್ದ, ಎಲ್ಲಾರ ಮುಂದ ಬಾಯಿಬಿಟ್ಟೆ: "ಖರೇ ಐತ್ರಿ. ಮಲಗತೈತಿ."

"ಮೂರ ವಾರ ಆತು, ನಮ್ಮಪ್ಪ ಅದನ್ನ ಎಬ್ಬಸಾಕತ್ತಾನ! ತಂಗಿ, ಡೇಟಾಬೇಸ್ ಅಗದಿ ಬರೋಬರಿ ಐತಿ. ಪಾಸು." ಆಮ್ಯಾಲೆ ನನ್ನ ಕಡಿ ತಿರುಗಿದ್ರು. "ಯಜಮಾನ್ರ, ನಾಳೆ ಮನ್ಯಾಗ ಇರ್ರಿ."

ಮರುದಿನ ಹತ್ತಿಮತ್ತೂರಿಂದ ಟೆಂಪೋ ಬಂತು. ಎತ್ತು ಇಳೀತು, ನನ್ನ ಮುಖ ನೋಡ್ತು, ಅಂಗಳದಾಗ ಮಲಗ್ತು. ಮೊಮ್ಮಗಳು ಲ್ಯಾಪ್‌ಟಾಪ್ ತಗದು ಮಾಲಕನ ಕಾಲಮ್‌ನ್ಯಾಗ ನನ್ನ ಹೆಸರ ಹಾಕಿದ್ಲು.

ಈ ಸಲ ವ್ಹೇರ್ ಮರೀಲಿಲ್ಲ.